ಶಂಕರಮ್ಮ ಮತ್ತು ನನ್ನ ಪ್ರಮೋಷನ್

ಪಂಜದ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿ ನನಗಿದು ಹನ್ನೆರಡನೆಯ ವರ್ಷ. ಅಧಿಕಾರಿ ಹುದ್ದೆಗೆ ಬಡ್ತಿ ಬೇಕೋ ಬೇಡವೋ ಎಂದು ಬರೆದುಕೊಡುವ ಕಾಗದ ಈ ಸಲವೂ ಬಂತು. ಬೇಕೆಂದರೆ ವರ್ಗಾವಣೆ ಖಂಡಿತ, ಎಲ್ಲಿಗೆ ಎಂಬುದು ಮೇಲಿನವರ ಇಷ್ಟ. ಹಿಂದೆ ಎರಡು ಸಲ ಬೇಡವೆಂದು ಬರೆದಿದ್ದೆ. ಈ ಸಲ ಏಕೋ ಕೈ ಬರಲಿಲ್ಲ. ಕಾಗದವನ್ನು ಚೀಲದಲ್ಲಿಟ್ಟುಕೊಂಡು ಒಂದು ವಾರ ತಿರುಗಿದೆ.

"ಇಲ್ಲಿ ನಿನಗೇನು ಕಮ್ಮಿಯಾಗಿದೆ ಮಾರಾಯ್ತಿ? ಕಾರಂತರ 'ಬೆಟ್ಟದ ಜೀವ' ಓದು, ಗೊತ್ತಾಗ್ತದೆ" ಎಂದರು ಜೊತೆಗೆ ಕೆಲಸ ಮಾಡುವ ಹಿರಿಯ ಅಕ್ಕ. ಊರು ಬಿಡಬಾರದು ಎನ್ನುವುದಕ್ಕೆ ನಮ್ಮ ಕಡೆ ಆ ಕಾದಂಬರಿಯನ್ನು ಸರ್ಟಿಫಿಕೇಟಿನಂತೆ ತೋರಿಸುವವರು ಬಹಳ ಮಂದಿ. ಕಾಲೇಜಿನಲ್ಲಿ ಓದಿದ್ದನ್ನು ಮತ್ತೆ ಕೈಗೆತ್ತಿಕೊಂಡೆ.

1943ರಲ್ಲಿ ಬಂದ ಪುಸ್ತಕ ಅದು. ಕಥೆ ನಡೆಯುವುದು ನಮ್ಮ ನೆರೆಯ ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ. ದಾರಿ ತಪ್ಪಿದ ಪ್ರಯಾಣಿಕನೊಬ್ಬ ಕೆಳಬೈಲಿನ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಯ ಮನೆ ಸೇರುತ್ತಾನೆ, ಕೆಲವು ದಿನ ಉಳಿಯುತ್ತಾನೆ. ಅವರ ಮಗ ಶಂಭು ಮನೆ ಬಿಟ್ಟು ಹೋದವನು ತಿರುಗಿ ಬಂದಿಲ್ಲ. ಕಥೆಯೆಂದು ಹೇಳುವುದಕ್ಕೆ ಇಷ್ಟೇ. ಉಳಿದದ್ದೆಲ್ಲ ಕಾಡು, ತೋಟ, ಮಾತು.

ಹಿಂದೆ ಇದನ್ನು ನೆಮ್ಮದಿಯ ಕಾದಂಬರಿ ಎಂದುಕೊಂಡಿದ್ದೆ. ಈಗ ಓದಿದರೆ ಬೇರೆಯೇ ಕಾಣುತ್ತದೆ. ಗೋಪಾಲಯ್ಯನವರದು ನಿಧಾನದ ಬದುಕು ಎಂದವರು ಯಾರು? ಇತರರು ಜಗಲಿಯಲ್ಲಿ ಕೂರುವ ವಯಸ್ಸಿನಲ್ಲಿ ಆತನಿಗೆ ಕಾಟುಮೂಲೆಯ ತೋಟದ್ದೇ ಚಿಂತೆ. ಕಾಡು ಕಡಿದು ಅಡಿಕೆ ನೆಟ್ಟು, ಕಾಡುಪ್ರಾಣಿಗಳ ಕಾಟ ಸಹಿಸಿ ನಿಂತ ಮನುಷ್ಯ. ಪೇಟೆಯಲ್ಲಿ ಹುಟ್ಟಿದ್ದರೆ ನಾಲ್ಕು ಮಳಿಗೆ ತೆರೆಯುತ್ತಿದ್ದರು! ಆತನ ತೃಪ್ತಿ ತಾನೇ ಆರಿಸಿಕೊಂಡ ಕೆಲಸದಿಂದ ಬಂದದ್ದು, ವಿರಾಮದಿಂದಲ್ಲ. ನಿಧಾನ ಕಾಣುವುದು ಕೆಲವು ದಿನಕ್ಕೆಂದು ಬಂದ ನೆಂಟನ ಕಣ್ಣಿಗೆ.

ಆ ನೆಂಟನಿಗೆ ಬೇಕಾದ ಬಿಸಿನೀರು, ಊಟ, ಹಾಸಿಗೆ? ಅದೆಲ್ಲ ಶಂಕರಮ್ಮನ ಕೈಯಿಂದ. ಮಗನಿಗಾಗಿ ಆಕೆ ಕಾಯುವ ದುಃಖವನ್ನು ಕಾರಂತರು ಎಷ್ಟು ಸಂಯಮದಿಂದ ಬರೆದಿದ್ದಾರೆಂದರೆ, ಅಳು ತರಿಸಬೇಕೆಂಬ ಹಟ ಎಲ್ಲಿಯೂ ಇಲ್ಲ. ಗಂಡ ಹೆಂಡಿರ ನಡುವಿನ ಪರಿಹಾಸ್ಯವಂತೂ ನಮ್ಮ ಮನೆಗಳದ್ದೇ. ಆದರೂ ನನಗೊಂದು ಕೊರತೆ ಉಳಿಯಿತು. ಗಂಡಸರು ಗುಡ್ಡ ಹತ್ತಲು ಹೊರಟಾಗ ನಿರೂಪಕನೂ ಹೊರಡುತ್ತಾನೆ, ಅವನ ಜೊತೆ ಓದುವ ನಾವೂ ಹೊರಡುತ್ತೇವೆ. ಆಕೆ ಮನೆಯಲ್ಲೇ ಉಳಿಯುತ್ತಾಳೆ. ಈ ಕಾಡಿನ ಮೂಲೆ ನಿನಗೆ ಬೇಕಿತ್ತೇ ಎಂದು ಆಕೆಯನ್ನು ಕೇಳಬಹುದೆಂದು ಆ ಪುಸ್ತಕಕ್ಕೆ ತೋಚುವುದೇ ಇಲ್ಲ. ಹೋಗುವ ಹಕ್ಕು ಶಂಭುವಿಗೆ, ನಿಲ್ಲುವ ಹೆಮ್ಮೆ ಗೋಪಾಲಯ್ಯನವರಿಗೆ. ಕಾಟುಮೂಲೆ ನೋಡಿಕೊಳ್ಳುವ ನಾರಾಯಣನಿಗೂ ಮುಂದೇನು ಎಂಬ ಲೆಕ್ಕ ಇದೆ, ಬೇರೆಯವರ ಭೂಮಿಯಲ್ಲಿ ದುಡಿಯುವವನಿಗೆ ಇರಲೇಬೇಕಾದ ಲೆಕ್ಕ. ಶಂಕರಮ್ಮನ ಪಾಲಿಗೆ ಕಾಯುವುದು ಮಾತ್ರ.

ಕಾರಂತರಾದರೂ ಒಂದೇ ಕಡೆ ಕುಳಿತವರೇ? ಪುತ್ತೂರಿನ ಬಾಲವನ, ಯಕ್ಷಗಾನ, ಮಕ್ಕಳಿಗೆ ವಿಶ್ವಕೋಶ. ಎಂಬತ್ತು ದಾಟಿದ ಮೇಲೆ 1989ರಲ್ಲಿ ಲೋಕಸಭೆಗೂ ನಿಂತರು. ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟವರು. ಹೆಂಗಸು ಎರಡನೆಯ ಮುಖ ತೋರಿಸಿದರೇ ಊರು ಮಾತಾಡುತ್ತದೆ.

ಹಾಗೆಂದು ಪಂಜದ ನಿಧಾನವನ್ನು ನಾನು ಹಳಿಯಲಾರೆ. ಐವತ್ತೊಕ್ಲಿನಿಂದ ಬರುವ ಅಜ್ಜಿಯ ದನಿ ಕೇಳಿಯೇ ಅವರ ಪಾಸ್‌ಬುಕ್ಕಿಗೆ ಕೈ ಚಾಚುತ್ತೇನೆ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ, ಕೊಳೆರೋಗಕ್ಕೆ ಮದ್ದು ಬಿಡಲು ಜನ ಸಿಕ್ಕಿತೇ, ಮೈಲುತುತ್ತಿಗೆ ಎಷ್ಟಾಯಿತು ಎಂದು ಕೌಂಟರಿನ ಆಚೀಚೆ ಮಾತಾಡುತ್ತಾ ಕೂರುತ್ತೇವೆ. ಯಾರಿಗೂ ಅವಸರವಿಲ್ಲ. ಇದು ನನಗೆ ಇಷ್ಟ, ನಿಜವಾಗಿಯೂ ಇಷ್ಟ. ಆದರೆ ಪ್ರಾಮಾಣಿಕವಾಗಿ ಹೇಳಬೇಕಾದರೆ, ಮಧ್ಯಾಹ್ನದ ಬುತ್ತಿ ತುಂಬಿಸುವವರು ಅತ್ತೆ. ಸಂಜೆ ಮನೆಗೆ ಬಂದರೆ ಅಡಿಕೆ ರಾಶಿ ಕಾಯುತ್ತಿರುತ್ತದೆ. ನಮ್ಮ ಮನೆಯಲ್ಲಿ ನಿಧಾನದ ಬದುಕು ಯಾರದ್ದು ಎಂದು ಹುಡುಕಿದರೆ, ನನ್ನವರದೂ ಅಲ್ಲ, ನನ್ನದೂ ಪೂರ್ತಿ ಅಲ್ಲ.

ಪುಸ್ತಕ ಮುಗಿಸಿದ ರಾತ್ರಿ ಅಡಿಕೆ ಸುಲಿಯುತ್ತಿದ್ದ ಅತ್ತೆಯ ಬಳಿ ಕುಳಿತು, "ಅತ್ತೆ, ನಿಮಗೆ ಎಲ್ಲಿಗಾದರೂ ಹೋಗಬೇಕು ಅಂತ ಇತ್ತಾ?" ಎಂದು ಕೇಳಿದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಅವರು ಕೈ ನಿಲ್ಲಿಸಲಿಲ್ಲ.

"ಟೀಚರ್ ಟ್ರೈನಿಂಗಿಗೆ ಮಂಗಳೂರಿನಲ್ಲಿ ಸೀಟು ಬಂದಿತ್ತು. ಅದೇ ವರ್ಷ ಮದುವೆ ಆಯ್ತಲ್ಲ."

"ಯಾರಿಗೂ ಹೇಳಲಿಲ್ಲವಾ?"

"ಯಾರು ಕೇಳಿದ್ದು?" ಎಂದು ಇನ್ನೊಂದು ಅಡಿಕೆ ಎತ್ತಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, "ನಿನ್ನ ಕಾಗದ ಕೊಡಲಿಕ್ಕೆ ಯಾವತ್ತು ಕಡೆ?" ಎಂದರು.

ಮರುದಿನವೇ ಕಡೆಯ ದಿನವಾಗಿತ್ತು. 'ಬೇಕು' ಎಂದು ಬರೆದು ಸಹಿ ಹಾಕಿ ಕೊಟ್ಟೆ. ಅಕ್ಕ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆರ್ಡರ್ ಇನ್ನೂ ಬಂದಿಲ್ಲ. ಪುಸ್ತಕ ಈಗ ಅತ್ತೆಯ ತಲೆದಿಂಬಿನ ಪಕ್ಕದಲ್ಲಿದೆ, ಕನ್ನಡಕದ ಅಡಿಯಲ್ಲಿ.