ಸೋಪಿಗಾಗಿ ಬೆಳೆಸುವ ಹಿತ್ತಲು

ತುಳಸಿ, ಲೋಳೆಸರ, ಅರಿಶಿನ, ಬೇವು ಬೆಳೆದು ಮನೆಯಲ್ಲೇ ಸೋಪು ಮಾಡುವ ಉತ್ಸಾಹ ಈಚೆಗೆ ಊರೂರಿಗೂ ಬಂದಿದೆ. ಮಹಿಳಾ ಸಂಘಗಳ ತರಬೇತಿಯಲ್ಲೂ ಇದಕ್ಕೆ ಜಾಗ ಸಿಕ್ಕಿದೆ. ಕೆಲಸ ಒಳ್ಳೆಯದೇ. ಆದರೆ ಹೀಗೆ ಮಾಡಿದ ಸೋಪಿನಲ್ಲಿ ಹಿತ್ತಲಿನ ಪಾಲು ಎಷ್ಟು ಎಂದು ಕೇಳಿದರೆ ಸಿಗುವ ಉತ್ತರ ಸಮಾಧಾನ ಕೊಡುವುದಿಲ್ಲ. ಬಹಳ ಕಡೆ ನಡೆಯುವುದು ಇಷ್ಟೇ: ಅಂಗಡಿಯಿಂದ ತಂದ ಸೋಪ್ ಬೇಸನ್ನು ತುಂಡು ಮಾಡಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಒಂದು ಚಮಚ ಸೊಪ್ಪಿನ ಪುಡಿ, ನಾಲ್ಕು ಹನಿ ಸೆಂಟು ಸೇರಿಸಿ ಅಚ್ಚಿಗೆ ಹೊಯ್ಯುವುದು. ಕೊಳೆ ತೆಗೆಯುವುದೆಲ್ಲ ಆ ಬೇಸು. ಗಿಡದ್ದು ಬಣ್ಣದ ಕೆಲಸ ಮಾತ್ರ. ಕಾಸ್ಟಿಕ್ ಸೋಡ ಮುಟ್ಟುವ ಅಪಾಯವಿಲ್ಲ ಎಂಬ ಅನುಕೂಲ ಇದಕ್ಕಿದೆ, ಕಲಿಯುವವರಿಗೆ ಅದು ದೊಡ್ಡದೇ. ಆದರೆ ಇಷ್ಟಕ್ಕಾಗಿ ತೋಟ ಮಾಡಬೇಕಾಗಿಲ್ಲ, ಎರಡು ಕುಂಡ ಸಾಕು.

ಎಣ್ಣೆಗೆ ಕಾಸ್ಟಿಕ್ ಬೆರೆಸಿ ಮೊದಲಿಂದ ಸೋಪು ಮಾಡುವವರ ಹಾದಿ ಬೇರೆ. 1 ಕೆ.ಜಿ. ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡ ಬೇಕು. ಸ್ವಲ್ಪ ಎಣ್ಣೆ ಉಳಿದು ಮೈಗೆ ಹಿತವಾಗಲೆಂದು ಅದಕ್ಕಿಂತ ಕಡಿಮೆಯೇ ಹಾಕುತ್ತಾರೆ. ಹೊಂಗೆ, ಬೇವಿನ ಎಣ್ಣೆಗೆ ಇನ್ನೂ ಕಡಿಮೆ ಸಾಕು. ಕೊಬ್ಬರಿ ಎಣ್ಣೆಯ ಅಳತೆಯನ್ನೇ ಅವಕ್ಕೂ ಹಿಡಿದರೆ ಕಾಸ್ಟಿಕ್ ಉಳಿದು ಮೈ ಉರಿಯುತ್ತದೆ. ಕತ್ತರಿಸಿದ ಬಿಲ್ಲೆಗಳನ್ನು ನಾಲ್ಕರಿಂದ ಆರು ವಾರ ಗಾಳಿಗೆ ಇಡಬೇಕು.

ಹಿತ್ತಲಿನ ಸೊಪ್ಪು-ಹೂವು ಈ ಕ್ಷಾರದೊಳಗೆ ಬಿದ್ದಾಗ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕು. ಅರೆದ ಕೆಂಪು ದಾಸವಾಳದ ಎಸಳನ್ನು ಹಾಕಿದರೆ ಕೆಂಪು ಆಗಲೇ ಕೆಟ್ಟು ಹಸಿರುಗಟ್ಟಿದ ಬೂದಿಯ ಬಣ್ಣಕ್ಕೆ ತಿರುಗುತ್ತದೆ, ಬಿಲ್ಲೆ ಒಣಗುವ ಹೊತ್ತಿಗೆ ಕಂದು. ತುಳಸಿಯ ಹಸಿರು, ಬೇವಿನ ಹಸಿರು ವಾರಗಳಲ್ಲಿ ಮಾಸುತ್ತವೆ. ಅರಿಶಿನ ಮಾತ್ರ ಕೆಂಪೇರುತ್ತದೆ. ಅರಿಶಿನದ ನೀರಿಗೆ ಸುಣ್ಣ ಕದಡಿ ಆರತಿ ತಟ್ಟೆಗೆ ಓಕುಳಿ ಮಾಡಿದವರಿಗೆ ಇದು ಹೊಸ ಸಂಗತಿಯಲ್ಲ, ಕ್ಷಾರ ತಗುಲಿದ ಅರಿಶಿನದ ಗುಣವೇ ಅದು. ಬಣ್ಣ ಹೋದರೆ ಹೋಗಲಿ, ಔಷಧಿ ಗುಣ ಉಳಿಯುತ್ತದಲ್ಲ ಎನ್ನುವವರಿದ್ದಾರೆ. ಎಲೆಯ ಸಾರವನ್ನು ಕ್ಷಾರದಲ್ಲಿ ಕದಡಿ, ವಾರಗಟ್ಟಲೆ ಒಣಗಿಸಿ, ಮೈಮೇಲೆ ಅರೆನಿಮಿಷ ಉಜ್ಜಿ ತೊಳೆದುಬಿಟ್ಟರೆ ಉಳಿಯುವ ಗುಣ ಎಷ್ಟು? ಅದೇ ತುಳಸಿಯನ್ನು ಕಷಾಯಕ್ಕೆ ಹಾಕುವುದು ಗಿಡಕ್ಕೆ ತೋರುವ ಹೆಚ್ಚಿನ ಮರ್ಯಾದೆ ಎಂದು ನನಗೆ ಅನಿಸುತ್ತದೆ.

ಪರಿಮಳದ ಲೆಕ್ಕವೂ ಹೀಗೇ. ಮಜ್ಜಿಗೆ ಹುಲ್ಲು ಹಿತ್ತಲಲ್ಲಿ ಸೊಂಪಾಗಿ ಬರುತ್ತದೆ. ಆದರೆ 10 ಕೆ.ಜಿ. ಹಸಿ ಹುಲ್ಲನ್ನು ಭಟ್ಟಿ ಇಳಿಸಿದರೆ ಸಿಗುವ ಎಣ್ಣೆ 30-40 ಗ್ರಾಂ, ಒಂದು ಕೆ.ಜಿ. ಸೋಪಿಗೆ ಹದವಾಗಿ ವಾಸನೆ ಹಿಡಿಸಲು ಅಷ್ಟು ಬೇಕು. ಭಟ್ಟಿಯಿಲ್ಲದ ಮನೆಯಲ್ಲಿ ಹುಲ್ಲು ಹೆಚ್ಚಿ ಹಾಕಿದರೆ ಸೋಪಿಗೆ ಕಸ ಸೇರುತ್ತದೆ, ಘಮ ಸೇರುವುದಿಲ್ಲ. ಇನ್ನು ಗಂಧ. ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪುವಿನ ಕಾಲದಲ್ಲೇ ಅದು ಸರ್ಕಾರದ ಮರ. ಅರಣ್ಯ ಕಾಯ್ದೆಗೆ 2001ರ ತಿದ್ದುಪಡಿ ಬಂದ ಮೇಲೆ ಜಮೀನಿನ ಒಡೆಯರಿಗೆ ಹಕ್ಕು ಸಿಕ್ಕಿತು. ಹಾಗೆಂದು ಅಂಗಳದಲ್ಲಿ ಗಂಧದ ಸಸಿ ನೆಟ್ಟು ಸೋಪಿನ ಕನಸು ಕಾಣುವವರು ತಿಳಿಯಬೇಕಾದದ್ದಿದೆ. ಅದರ ಎಲೆಯಲ್ಲಿ ಪರಿಮಳವಿಲ್ಲ. ಪಕ್ಕದ ಗಿಡದ ಬೇರು ಹೀರದೆ ಅದು ಸರಿಯಾಗಿ ಬೆಳೆಯುವುದಿಲ್ಲ. ಚೇಗು ಬಲಿಯಲು ಹದಿನೈದು-ಇಪ್ಪತ್ತು ವರ್ಷ ಕಾಯಬೇಕು. ಮೈಸೂರ್ ಸ್ಯಾಂಡಲ್ ಸೋಪು ಹುಟ್ಟಿದ್ದೂ ಹಿತ್ತಲಲ್ಲಲ್ಲ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗದೆ ನಿಂತಾಗ 1916ರಲ್ಲಿ ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆ, 1918ರಲ್ಲಿ ಬೆಂಗಳೂರಿನಲ್ಲಿ ಸೋಪು. ಕಾಡಿನ ರಾಶಿ ಮರ, ಭಟ್ಟಿ, ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್.ಜಿ. ಶಾಸ್ತ್ರಿಯವರ ರಸಾಯನಶಾಸ್ತ್ರ, ಇವೆಲ್ಲ ಕೂಡಿ ಆದ ಕೆಲಸ ಅದು.

ಹಾಗಾದರೆ ಹಿತ್ತಲಿಗೆ ಕೆಲಸವಿಲ್ಲವೇ? ಬೇಕಾದಷ್ಟಿದೆ, ಅದನ್ನು ಸೋಪಿನ ಅಚ್ಚಿನಲ್ಲೇ ಹುಡುಕುವುದು ತಪ್ಪು. ಕಾಸ್ಟಿಕ್ಕಿನ ಹಂಗಿಲ್ಲದೆ ತಾವೇ ಕೊಳೆ ತೆಗೆಯುವ ಗಿಡಗಳು ಇಲ್ಲೇ ಇವೆ. ಅಂಟುವಾಳದ ಸಿಪ್ಪೆಯನ್ನು ನೀರಲ್ಲಿ ಕಿವುಚಿದರೆ ನೊರೆ ಉಕ್ಕುತ್ತದೆ. ರೇಷ್ಮೆ ಸೀರೆಗೂ ಅಕ್ಕಸಾಲಿಗರ ಒಡವೆಗೂ ಅದೇ ಬಳಕೆಯಲ್ಲಿತ್ತು. ಸೀಗೆ ಮುಳ್ಳಿನ ಹಂಬು, ಬೇಲಿಗೆ ಹಬ್ಬಿಸಬಹುದು, ಆದರೆ ತೇವ ಬೇಡುತ್ತದೆ. ನಮ್ಮ ಸಂತೆಗಳಿಗೆ ಅದು ಬಿಳಿಗಿರಿರಂಗನ ಬೆಟ್ಟದಂಥ ಕಾಡುಗಳಿಂದ ಬಂದದ್ದೇ ಹೆಚ್ಚು. ಒಣ ಸೀಮೆಗೆ ನಾನು ಆರಿಸುವುದು ಚುಜ್ಜಲು ಮರವನ್ನು. ಮೇಲುಕೋಟೆ ಸುತ್ತಿನಂಥ ಕಲ್ಲುನೆಲವೇ ಅದಕ್ಕೆ ಸಾಕು. ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಎಣ್ಣೆಸ್ನಾನದ ದಿನ ತಲೆಗೆ ಹಚ್ಚಿದರೆ ಜಿಡ್ಡೂ ಹೋಗುತ್ತದೆ, ಕೂದಲೂ ಒರಟಾಗುವುದಿಲ್ಲ. ದಾಸವಾಳದ ಎಲೆಯ ಲೋಳೆಗೂ ಇಲ್ಲೇ ಸರಿಯಾದ ಜಾಗ. ಕಣ್ಣಿಗೆ ಬಿದ್ದರೆ ಇವೂ ಉರಿಯುತ್ತವೆ, ಸೋಪಿನಷ್ಟು ಸುಲಭವಾಗಿ ಕೈಗೆ ಸಿಗುವುದೂ ಇಲ್ಲ. ಪ್ರತಿ ಸಲ ನೆನೆಸಬೇಕು, ಸೋಸಬೇಕು, ಬಚ್ಚಲು ತೊಳೆಯಬೇಕು. ಆ ದುಡಿಮೆ ಹೆಂಗಸರ ತಲೆಗೇ ಬೀಳುತ್ತಿತ್ತು ಎಂಬುದನ್ನೂ ಮರೆಯಬಾರದು. ಸೋಪು ಗೆದ್ದದ್ದು ಸುಮ್ಮನೆ ಅಲ್ಲ.

ಸೋಪೋ ಸೀಗೆಯೋ ಎಂಬ ಈ ಮಾತಿಗೆ ನೀರಿನ ಸಂಬಂಧವೂ ಇದೆ. ನಾಗಮಂಗಲದ ಕಡೆ, ಕೆ.ಆರ್. ಪೇಟೆಯ ಮಳೆಯಾಶ್ರಿತ ಊರುಗಳಲ್ಲಿ ಕೊಳವೆಬಾವಿಯ ನೀರು ಗಡಸು. ಅದರಲ್ಲಿ ಸಾಮಾನ್ಯ ಸೋಪು ನೊರೆ ಬಿಡುವ ಮೊದಲು ಬಿಳಿ ಗಸಿ ಕಟ್ಟಿ ಮೈಗೂ ಬಕೆಟ್ಟಿಗೂ ಅಂಟುತ್ತದೆ. ಅಂಟುವಾಳ, ಸೀಗೆಗೆ ಆ ತೊಂದರೆ ಅಷ್ಟಿಲ್ಲ. ಸೋಪೇ ಬೇಕೆಂದರೆ ಗಡಸು ನೀರಲ್ಲೂ ನೊರೆ ಕೊಡುವುದು ಕೊಬ್ಬರಿ ಎಣ್ಣೆಯದು, ಮತ್ತು ತೆಂಗು ಈ ಎರಡು ತಾಲ್ಲೂಕುಗಳ ಜೀವಾಳ. ಒಂದು ಕೆ.ಜಿ. ಎಣ್ಣೆಗೆ ಹತ್ತು-ಹನ್ನೆರಡು ಕಾಯಿ. ಬದುವಿನ ಹೊಂಗೆ ಬೀಜವೂ ಗಾಣಕ್ಕೆ ಹೋಗಿ ಬಂದರೆ ಬಟ್ಟೆ ಸೋಪಿಗೆ ಒದಗುತ್ತದೆ. ಸೋಪಿನ ನಿಜವಾದ ಗಿಡಗಳು ತೆಂಗು, ಹೊಂಗೆ, ಬೇವಿನ ಮರಗಳು. ತರಬೇತಿಯ ಚೀಟಿಯಲ್ಲಿ ಅವುಗಳ ಹೆಸರು ಮೊದಲು ಇರಬೇಕು, ತುಳಸಿ ಆಮೇಲೆ. ಕಾವೇರಿಯ ನಾಲೆ ನೀರುಳ್ಳ ಶ್ರೀರಂಗಪಟ್ಟಣ, ಪಾಂಡವಪುರದ ಹಿತ್ತಲುಗಳಿಗೆ ಲಾವಂಚ ಒಪ್ಪುತ್ತದೆ: ಬದು ಹಿಡಿದು ನಿಲ್ಲಿಸುತ್ತದೆ, ಅದರ ಬೇರಿನ ವಾಸನೆ ಸೋಪಿನ ಕ್ಷಾರಕ್ಕೆ ಸುಲಭವಾಗಿ ಸೋಲುವುದೂ ಇಲ್ಲ. ನೀರು ಹೆಚ್ಚಾಗಿ ಚೌಳೆದ್ದ ಗದ್ದೆಗಳ ಮಾತು ಇಲ್ಲಿ ನೆನಪಾಗುತ್ತದೆ. ಇಂದು ರೈತ ಶಪಿಸುವ ಚೌಳು ಮಣ್ಣನ್ನೇ ಕದಡಿ ಮಡಿವಾಳರು ಬಟ್ಟೆಗೆ ಉಬ್ಬೆ ಹಾಕುತ್ತಿದ್ದರು. ಸೋಪಿಲ್ಲದ ಕಾಲದಲ್ಲಿ ಊರಿನ ಬಟ್ಟೆಯನ್ನು ಬೆಳ್ಳಗಿಟ್ಟ ಆ ತಿಳಿವಳಿಕೆಗೆ ಈಗಿನ ಪ್ರತಿ ತರಬೇತಿಯಲ್ಲೂ ಒಂದು ಗಂಟೆ ಮೀಸಲಾಗಬೇಕು.

ಮಾರುವ ಆಸೆಯಿದ್ದರೆ ಇನ್ನೊಂದು ವಿಷಯ. ಮೈಸೋಪು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯ ಕೆಳಗೆ ಬರುತ್ತದೆ, ಮಾರಾಟಕ್ಕೆ ತಯಾರಿಸಲು ಪರವಾನಗಿ ಬೇಕು. ಮನೆಬಳಕೆಗೆ ಈ ಕಟ್ಟುಪಾಡಿಲ್ಲ. ಅಚ್ಚು ಕೊಳ್ಳುವ ಮೊದಲು ಇದನ್ನು ಸಂಘದವರಿಗೆ ಹೇಳಿಬಿಡಬೇಕು. ತರಬೇತಿ ಕೊಡುವವರು ಮೊದಲ ದಿನ ಆ ಊರಿನದೇ ಕೊಳವೆಬಾವಿ ನೀರು ತರಿಸಿ, ಒಂದು ಬಾಟಲಿಯಲ್ಲಿ ಸೋಪನ್ನೂ ಇನ್ನೊಂದರಲ್ಲಿ ಅಂಟುವಾಳದ ಸಿಪ್ಪೆಯನ್ನೂ ಹಾಕಿ ಕುಲುಕಿ ತೋರಿಸಲಿ. ಏನು ನೆಡಬೇಕು ಎಂಬ ಮಾತು ಅಲ್ಲಿಂದ ಶುರುವಾಗಲಿ.