ಹೂವು ಚಿಕ್ಕದಾಗಲ್ಲ

ಬೋನ್ಸಾಯ್ ಅನ್ನೋ ಕಲೆ ನಿಂತಿರೋದೇ ಒಂದು ಚಂದದ ಸುಳ್ಳಿನ ಮೇಲೆ. ಮೊಳದುದ್ದದ ಪೈನ್ ಗಿಡ ನೋಡಿ ನಮ್ಮ ಕಣ್ಣು, ಇದು ಯಾವುದೋ ಬೆಟ್ಟದ ತುದಿಯಲ್ಲಿ ಇನ್ನೂರು ವರ್ಷ ಗಾಳಿಗೆ ಮೈಯೊಡ್ಡಿ ನಿಂತ ಹೆಮ್ಮರ ಅಂತ ನಂಬಬೇಕು. ಅದಕ್ಕಾಗಿ ಬೇರು ಕತ್ತರಿಸ್ತಾರೆ, ಕೊಂಬೆಗೆ ತಂತಿ ಸುತ್ತುತ್ತಾರೆ, ಚಿಗುರು ಚಿವುಟುತ್ತಾರೆ. ವರ್ಷ ಕಳೆದ ಹಾಗೆ ಎಲೆ ಕೂಡ ಸಣ್ಣದಾಗುತ್ತೆ. ಸುಳ್ಳು ಪಕ್ಕಾ ಆಗುತ್ತೆ.

ಆದರೆ ಹೂವು ಸಣ್ಣದಾಗಲ್ಲ. ಪೀಚ್ ಇರಲಿ, ಚೆರ್ರಿ ಇರಲಿ, ಕುಂಡದಲ್ಲಿ ಎಷ್ಟೇ ಕುಗ್ಗಿಸಿ ಬೆಳೆಸಿ, ಹೂವು ಮಾತ್ರ ತೋಟದ ಮರದ ಹೂವಿನಷ್ಟೇ ದೊಡ್ಡದು. ಒಂದಡಿ ಗಿಡದ ಮೇಲೆ ಒಂದೂವರೆ ಅಂಗುಲದ ಪೀಚ್ ಹೂವು ಅರಳಿದರೆ, ಪುಟ್ಟ ಹುಡುಗಿ ಅಮ್ಮನ ಮಲ್ಲಿಗೆ ದಂಡೆ ಮುಡಿದು ನಿಂತ ಹಾಗೆ ಕಾಣುತ್ತೆ. ಹೆಮ್ಮರ ಅನ್ನೋ ಭ್ರಮೆ ಅಲ್ಲಿಗೆ ಹೋಯ್ತು. ಹೂಬಿಡೋ ಬೋನ್ಸಾಯ್ ನನಗೆ ಇಷ್ಟ ಆಗೋದೇ ಈ ಕಾರಣಕ್ಕೆ. ಅದು ವರ್ಷದಲ್ಲಿ ಒಂದು ವಾರ ನಿಜ ಹೇಳಿಬಿಡುತ್ತೆ.

ನನ್ನ ತಕರಾರು ಇರೋದು ಆ ಒಂದು ವಾರವನ್ನಷ್ಟೇ ನಮಗೆ ತೋರಿಸೋರ ಮೇಲೆ. ನೀವೂ ನೋಡಿರ್ತೀರಿ: ಗುಲಾಬಿ ಹೂವು ತುಂಬಿದ ಪುಟ್ಟ ಗಿಡ, ಹಿಂದೆ ಮಸುಕು ಮಸುಕು ಕಿಟಕಿ, ಕೆಳಗೆ ಸಾವಿರಾರು ಹಾರ್ಟು. ಅಂಥದ್ದೇ ಚಿತ್ರ ಇದ್ದ ಒಂದು 'ಸಕುರಾ ಬೋನ್ಸಾಯ್ ಕಿಟ್' ನಾನೂ ತರಿಸಿದ್ದೆ. ಐದು ಬೀಜ, ತೆಂಗಿನ ನಾರಿನ ಬಿಲ್ಲೆ, ಆಟಿಕೆಯಂಥ ಕತ್ತರಿ. ಬೀಜದಿಂದ ಬೆಳೆದ ಚೆರ್ರಿ ಹೂ ಬಿಡೋಕೆ ಎಷ್ಟೋ ವರ್ಷ ಬೇಕು, ಅದಕ್ಕೆ ಪ್ರತಿವರ್ಷ ವಾರಗಟ್ಟಲೆ ಒಳ್ಳೇ ಚಳಿ ಬೇಕು, ಅದು ಬೆಂಗಳೂರಿನ ಬಾಲ್ಕನಿಯಲ್ಲಿ ಸಿಗಲ್ಲ ಅಂತ ಡಬ್ಬಿಯ ಮೇಲೆ ಎಲ್ಲೂ ಇರಲಿಲ್ಲ. ಬೀಜ ಮೊಳೆಯಲೂ ಇಲ್ಲ ಅನ್ನಿ.

ಅವರು ಮುಚ್ಚಿಟ್ಟಿದ್ದು ಏನನ್ನ? ಒಂದು ಇಡೀ ವರ್ಷವನ್ನ. ಪೀಚ್ ಹೂವು ಬಿಡೋದು ಹಿಂದಿನ ವರ್ಷ ಬೆಳೆದ ಕಡ್ಡಿಯ ಮೇಲೆ. ಈ ವಸಂತದ ಮೊಗ್ಗು ಹೋದ ಬೇಸಿಗೆಯಲ್ಲೇ ಕೂತಿರುತ್ತೆ, ಚಳಿಗಾಲ ಪೂರ್ತಿ ಮಲಗಿರುತ್ತೆ. ಆಕಾರ ಕೆಟ್ಟಿತು ಅಂತ ಬೇಸಿಗೆಯ ಕೊನೆಗೆ ಕತ್ತರಿ ಆಡಿಸಿದರೆ ಮುಂದಿನ ವರ್ಷದ ಹೂವು ಕಸದ ಬುಟ್ಟಿಗೆ. ಕತ್ತರಿಸದೇ ಬಿಟ್ಟರೆ ಹೂವೆಲ್ಲ ಕೊಂಬೆಯ ತುದಿಗೆ ಹೋಗಿ ಬುಡ ಬೋಳು. ಹಾಗಾಗಿ ಹೂವು ಉದುರಿದ ಕೂಡಲೇ ಸವರಬೇಕು, ಆಮೇಲೆ ಕೈ ಕಟ್ಟಿಕೊಂಡು ಕಾಯಬೇಕು. ಅದರಲ್ಲೂ ಪೀಚ್ ಮಹಾ ಹಠಮಾರಿ. ಆಯಸ್ಸು ಕಮ್ಮಿ, ದೊಡ್ಡ ಗಾಯ ಬೇಗ ಮಾಯಲ್ಲ. ಜಪಾನಿನಲ್ಲಿ ಮಾರ್ಚ್ 3ರ ಬೊಂಬೆ ಹಬ್ಬಕ್ಕೆ ಪೀಚ್ ಹೂವೇ ಬೇಕು, ಆ ದಿನಕ್ಕೆ ಪೀಚ್ ಹಬ್ಬ ಅಂತಲೂ ಹೆಸರಿದೆ. ಆದರೂ ಕುಂಡದ ವಿಷಯಕ್ಕೆ ಬಂದರೆ ಅವರು ನಂಬೋದು ಅದರ ದಾಯಾದಿ ಉಮೆಯನ್ನ. ಇಂಗ್ಲಿಷ್‌ನವರು ಇದನ್ನ ಪ್ಲಮ್ ಅಂತಾರೆ. ಕಾಂಡ ಅರ್ಧ ಟೊಳ್ಳಾದರೂ ಉಮೆ ಹೂ ಬಿಡುತ್ತೆ. ಶಿಗಾ ಪ್ರಾಂತ್ಯದ ನಾಗಹಾಮಾ ಊರಿನಲ್ಲಿ 1952ರಿಂದ ಚಳಿಗಾಲದಲ್ಲಿ ಬರೀ ಉಮೆ ಬೋನ್ಸಾಯ್‌ಗಳದ್ದೇ ಪ್ರದರ್ಶನ ನಡೆಯುತ್ತೆ.

ಆ ಒಂದು ವರ್ಷದ ತೂಕ ಗೊತ್ತಿದ್ದ ಒಂದು ಹಳೇ ನಾಟಕ ಜಪಾನಿನಲ್ಲೇ ಇದೆ. ಹೆಸರು 'ಹಚಿ ನೊ ಕಿ', ಅಂದರೆ ಕುಂಡದ ಮರ. ಇದೊಂದು ನೋ ನಾಟಕ, ಆರ್ಥರ್ ವೇಲಿ 1921ರಲ್ಲಿ ಇಂಗ್ಲಿಷ್‌ಗೆ ತಂದ. ಕಥೆ ಇಷ್ಟು: ದಾಯಾದಿಗಳು ಜಮೀನು ನುಂಗಿ ಬೀದಿಗೆ ಬಂದ ಯೋಧ ಸಾನೊ ಗೆನ್ಜಾಎಮೊನ್. ಹಿಮ ಸುರಿಯೋ ರಾತ್ರಿ ಒಬ್ಬ ಸನ್ಯಾಸಿ ಬಂದು ತಂಗೋಕೆ ಜಾಗ ಕೇಳ್ತಾನೆ. ನಮ್ಮಂಥವರ ಮನೆ ನಿಮಗೆ ಸರಿಹೋಗಲ್ಲ ಅಂತ ಮೊದಲು ಕಳಿಸಿಬಿಡೋ ಯೋಧ, ಹೆಂಡತಿಯ ಮಾತು ಕೇಳಿ ಹಿಮದಲ್ಲಿ ಕೂಗ್ತಾ ಹೋಗಿ ಕರೆತರ್ತಾನೆ. ಊಟಕ್ಕೆ ನವಣೆ ಅನ್ನ. ಈಗ ನಾವು ಆರ್ಗ್ಯಾನಿಕ್ ಅಂಗಡಿಯಲ್ಲಿ ದುಡ್ಡು ಸುರಿದು ತರೋ ಅದೇ ನವಣೆ, ಅವತ್ತು ಬಡವರ ಕೂಳು. ರಾತ್ರಿ ಚಳಿ ಏರುತ್ತೆ, ಸೌದೆ ಇಲ್ಲ. ಒಳ್ಳೇ ಕಾಲದಲ್ಲಿ ಅವನ ಹತ್ತಿರ ಬೇಕಾದಷ್ಟು ಕುಂಡದ ಮರಗಳಿದ್ದವು. ಬಡತನ ಬಂದಾಗ ಎಲ್ಲ ಕೊಟ್ಟು ಮೂರನ್ನಷ್ಟೇ ಇಟ್ಟುಕೊಂಡಿದ್ದ: ಉಮೆ, ಚೆರ್ರಿ, ಪೈನ್. ಅತಿಥಿ ಬೇಡ ಬೇಡ ಅಂದರೂ ಆ ಮೂರನ್ನೂ ಕಡಿದು ಒಲೆಗೆ ಹಾಕ್ತಾನೆ.

ಈ ದೃಶ್ಯವನ್ನ ತ್ಯಾಗ, ಅತಿಥಿ ಸತ್ಕಾರ ಅಂತ ಹೊಗಳೋರೇ ಜಾಸ್ತಿ. ಗಿಡ ಸಾಕಿದವರು ಓದಿದರೆ ಇನ್ನೊಂದು ಕಾಣುತ್ತೆ. ಅದು ನಡುಚಳಿಗಾಲ. ಉಮೆಯ ಕಡ್ಡಿಯಲ್ಲಿ ಹೋದ ಬೇಸಿಗೆಯ ಮೊಗ್ಗು ಆಗಲೇ ಕೂತಿದೆ, ಅರಳೋಕೆ ಕೆಲವೇ ವಾರ ಬಾಕಿ. ಅವನು ಸುಟ್ಟಿದ್ದು ಬರೀ ಕಟ್ಟಿಗೆ ಅಲ್ಲ. ಹೋದ ವರ್ಷದ ದುಡಿಮೆ, ಬರೋ ವಸಂತ, ಎರಡನ್ನೂ ಒಟ್ಟಿಗೆ ಸುಟ್ಟ. ತಾನು ಕಳೆದುಕೊಂಡ ಅಂತಸ್ತಿನ ಕೊನೆಯ ಗುರುತು ಬೇರೆ ಅದು.

ಹೀಗಿದ್ದೂ ನಾಟಕದ ಕೊನೆ ನನಗೆ ಒಪ್ಪಿಗೆ ಆಗಲಿಲ್ಲ. ಬಂದಿದ್ದ ಸನ್ಯಾಸಿ ಬೇರೆ ಯಾರೂ ಅಲ್ಲ, ಕಾಮಕುರಾದ ಆಡಳಿತ ನಡೆಸಿದ್ದ ಹೋಜೊ ತೋಕಿಯೋರಿ. ಮುಂದೊಂದು ದಿನ ಯೋಧರಿಗೆಲ್ಲ ಕರೆ ಹೋದಾಗ ಗೆನ್ಜಾಎಮೊನ್ ಹರಕು ಕವಚ, ತುಕ್ಕು ಹಿಡಿದ ಆಯುಧ, ಬಡಕಲು ಕುದುರೆಯ ಜೊತೆ ಹಾಜರ್. ತೋಕಿಯೋರಿ ಅವನ ಜಮೀನನ್ನ ವಾಪಸ್ ಕೊಡಿಸ್ತಾನೆ, ಸಾಲದ್ದಕ್ಕೆ ಮೂರು ಮರಕ್ಕೆ ಮೂರು ಊರು ಉಂಬಳಿ: ಉಮೆದಾ, ಸಕುರಾಇ, ಮತ್ಸುಇದಾ. ಒಂದೊಂದರ ಹೆಸರಲ್ಲೂ ಒಂದೊಂದು ಮರ. ಸಭಿಕರಿಗೆ ಖುಷಿ ಆಗಿರುತ್ತೆ, ಒಪ್ತೀನಿ. ಆದರೆ ಲೆಕ್ಕ ಇಷ್ಟು ಚೊಕ್ಕವಾಗಿ ಚುಕ್ತಾ ಆದ ಮೇಲೆ ಆ ರಾತ್ರಿಯ ಬೆಂಕಿ ಹೂಡಿಕೆ ಥರ ಕಾಣೋಕೆ ಶುರುವಾಗುತ್ತೆ. ಅಪ್ರೈಸಲ್‌ನಲ್ಲಿ ಬಂದ ಬೋನಸ್ ಥರ. ಊರು ಮೂರು ಬಂತು, ಸರಿ. ಸುಟ್ಟ ಉಮೆ ಬರಲಿಲ್ಲವಲ್ಲ? ಅದರ ಬಗ್ಗೆ ನಾಟಕ ಸುಮ್ಮನಾಗಿಬಿಡುತ್ತೆ. ಕಿಟ್ಟಿನ ಡಬ್ಬಿ ಕಾಯೋದನ್ನ ಮುಚ್ಚಿಟ್ಟರೆ, ಈ ನಾಟಕ ಕೊನೆಯಲ್ಲಿ ಕಳಕೊಂಡಿದ್ದನ್ನ ಮುಚ್ಚಿಡುತ್ತೆ. ಎರಡೂ ಕಡೆ ನಮಗೆ ಸಮಾಧಾನ ಸಿಗುತ್ತೆ, ಮರಕ್ಕೆ ಅನ್ಯಾಯ ಆಗುತ್ತೆ.

ಕಿಟ್ ಎಸೆದ ಮೇಲೆ ನಾನು ದಾಸವಾಳಕ್ಕೆ ಬಂದೆ. ಅದಕ್ಕೆ ಚಳಿಯ ಹಂಗಿಲ್ಲ, ಹೊಸ ಚಿಗುರಿನಲ್ಲೇ ಹೂವು ಬಿಡುತ್ತೆ. ಮೂರು ವರ್ಷ ಸವರಿ, ತಂತಿ ಸುತ್ತಿ, ಕೈಯಗಲದ ಕುಂಡದಲ್ಲಿ ನಿಲ್ಲಿಸಿದ್ದೆ. ಒಂದು ಬೆಳಿಗ್ಗೆ ಗಿಡಕ್ಕಿಂತ ದೊಡ್ಡದೇನೋ ಅನ್ನಿಸೋ ಹಾಗೆ ಒಂದು ಕೆಂಪು ಹೂವು. ಫೋನ್ ಹುಡುಕಿ ತರೋದರೊಳಗೆ, ಊರಿಂದ ಬಂದಿದ್ದ ಅಮ್ಮ ಕಿತ್ತು ದೇವರಿಗೆ ಇಟ್ಟಾಗಿತ್ತು.

"ಮೂರು ವರ್ಷ ಆಯ್ತಮ್ಮಾ ಅದಕ್ಕೆ!" ಅಂದೆ.

"ಗಿಡದಲ್ಲಿದ್ರೂ ಸಂಜೆಗೆ ಬಾಡುತ್ತೆ ಕಣೋ. ದೇವರ ಮೇಲಾದ್ರೂ ಇರ್ಲಿ."

ಇಡೀ ದಿನ ಮುಖ ಊದಿಸಿಕೊಂಡಿದ್ದೆ. ಗೆನ್ಜಾಎಮೊನ್ ತಾನೇ ಎದ್ದು ಕೊಡಲಿ ತಂದವನು, ನಾನು ಕಿತ್ತಮೇಲೂ ಕೊಡೋಕೆ ಒಪ್ಪದವನು. ಉಂಬಳಿ ಅಂತೂ ಯಾರೂ ಕೊಡಲ್ಲ. ಸಂಜೆ ಗಿಡಕ್ಕೆ ನೀರು ಹಾಕಿ ನೋಡಿದೆ, ಎಲೆ ಸಂದಿಯಲ್ಲಿ ಇನ್ನೊಂದು ಮೊಗ್ಗು ಇತ್ತು. ಅಮ್ಮನಿಗೆ ಹೇಳಿಲ್ಲ.