‘ಶಾಂತಿಯುತ’ ಎಂಬ ವಿಶೇಷಣ

ವಿಶೇಷಣಗಳನ್ನು ಅನುಮಾನದಿಂದ ಓದುವುದು ವಿಮರ್ಶೆಯ ಹಳೆಯ ಅಭ್ಯಾಸ. ಅಣುವಿಜ್ಞಾನದ ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿ ಮತ್ತೆ ಮತ್ತೆ ಬರುವ ‘ಶಾಂತಿಯುತ’ ಎಂಬ ಪದಕ್ಕೂ ಅಂಥ ಓದು ಬೇಕು.

1956ರಲ್ಲಿ ಕೆನಡಾ ನಮಗೆ ‘ಸೈರಸ್’ ಸಂಶೋಧನಾ ರಿಯಾಕ್ಟರ್ ಕೊಡಲು ಒಪ್ಪಿದ್ದು ಈ ಪದದ ಭರವಸೆಯ ಮೇಲೆ. ಅದರ ಪ್ಲುಟೋನಿಯಂ 1974ರ ಮೇ 18ರಂದು ಪೋಖರಣದಲ್ಲಿ ಸಿಡಿಯಿತು. ಸರ್ಕಾರ ಅದನ್ನು ‘ಶಾಂತಿಯುತ ಅಣುಸ್ಫೋಟ’ ಎಂದಿತು. ನಾಮಪದ ಬದಲಾಯಿತು, ವಿಶೇಷಣ ಮಾತ್ರ ಹಾಗೆಯೇ ಉಳಿಯಿತು. ಕೆನಡಾ ಸಹಕಾರ ನಿಲ್ಲಿಸಿತು. ಆ ಪ್ರಯೋಗದ ಮುಂಚೂಣಿಯಲ್ಲಿದ್ದ ಕನ್ನಡಿಗ ರಾಜಾ ರಾಮಣ್ಣ ಅದು ಬಾಂಬೇ ಎಂದು 1997ರಲ್ಲಿ ಬಾಯಿಬಿಟ್ಟು ಹೇಳಿದರು.

ಈಗ ಕೈಗಾಕ್ಕೆ ಬರೋಣ. ಅಲ್ಲಿನ 220 ಮೆಗಾವ್ಯಾಟ್‌ಗಳ ನಾಲ್ಕು ಘಟಕಗಳು ಕೆನಡಾದಿಂದ ಕಲಿತ ಭಾರಜಲ ತಂತ್ರದ ವಂಶದವು. ರಾಮಮೂರ್ತಿ ನಗರದ ಮನೆದೀಪದಲ್ಲೂ ಅವುಗಳ ಪಾಲಿರಬಹುದು. ದೀಪಕ್ಕಿಂತ ಶಾಂತಿಯುತವಾದದ್ದು ಏನಿದೆ? ಆದರೂ 2006ರ ವಿಭಜನಾ ಯೋಜನೆ ಈ ನಾಲ್ಕೂ ಘಟಕಗಳನ್ನು ಅಂತರರಾಷ್ಟ್ರೀಯ ತಪಾಸಣೆಯ ಹೊರಗಿಟ್ಟಿತು.

ಕೈಗಾವನ್ನು ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಲೋಕಸಭೆಗೆ ನಿಂತು ಸೋತರು. ಅವರ ವಿರೋಧ ಈ ಪದಕ್ಕೆ ಇನ್ನೊಂದು ಪ್ರಶ್ನೆ ಹಾಕುತ್ತದೆ: ಬಾಂಬ್ ಇಲ್ಲದಿದ್ದರೆ ಸಾಕೇ, ಕಾಳಿ ನದಿಗೂ ಕಾಡಿಗೂ ನೆಮ್ಮದಿ ಬೇಡವೇ? 1994ರಲ್ಲಿ, ಕಟ್ಟುತ್ತಿದ್ದ ಗುಮ್ಮಟದ ಒಳಪದರ ಕುಸಿದಾಗ ಆ ಪ್ರಶ್ನೆ ಇನ್ನಷ್ಟು ಹರಿತವಾಯಿತು.

ಅಣುವಿಜ್ಞಾನದ ಸಹಕಾರ ಬೇಡವೆಂದಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಅದು ಬೇಕೇ ಬೇಕು. ಆದರೆ ಬರೆದವನೊಬ್ಬನೇ ಓದುವ ಕೃತಿಗೆ ವಿಮರ್ಶೆಯಿಲ್ಲ. ‘ಶಾಂತಿಯುತ’ ಎಂಬುದಕ್ಕೂ ಹೊರಗಿನ ಓದುಗರು ಬೇಕು: ತಪಾಸಕರು, ನೆರೆಯೂರಿನವರು, ನಾವು.